ಖಾಲಿಯಾದ ಮೇಜು

ಪುಟ್ಟ ಮರದ ಹಡಗು ಕಟ್ಟುವ ಹವ್ಯಾಸದ ಗೆಳೆಯರು ಭಾನುವಾರ ಗಡಿಯಾರ ರಿಪೇರಿಯವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿದ್ದರು. ಹೊಸ ಸಿನಿಮಾದ ಹಡಗಿಗೆ ಹಾಯಿಯನ್ನು ತಪ್ಪಾಗಿ ಕಟ್ಟಿದ್ದಾರೆಂದು ವಾದ ಬಿಸಿಯೇರಿತ್ತು. ಅವರಲ್ಲೊಬ್ಬನಾದ ದರ್ಜಿ ಮಾತ್ರ ವಾದಕ್ಕೆ ಸೇರದೆ ತನ್ನ ಹಡಗಿನ ಹಲಗೆ ಉಜ್ಜುತ್ತಿದ್ದ. ವಾದ ತಣ್ಣಗಾದ ಮೇಲೆ, "ನನ್ನ ಹೆಂಡ್ತಿ ಮನೆ ಬಿಟ್ಟು ಹೋದ್ಲು. ಇನ್ನು ಬರಲ್ವಂತೆ" ಎಂದ.

ಗಡಿಯಾರದವನು ಅಂಟಿನ ಟ್ಯೂಬಿನ ಮುಚ್ಚಳ ತಿರುಗಿಸುತ್ತ, "ಛೆ, ಹಾಗಾಗಬಾರದಿತ್ತು. ಆದ್ರೂ ಊಟದ ಮೇಜು ಖಾಲಿಯಾಯ್ತಲ್ಲಪ್ಪಾ, ಇನ್ನು ದೊಡ್ಡ ಹಡಗೇ ಶುರು ಮಾಡು" ಅಂದ.

ಎಲ್ಲರೂ ಘೊಳ್ಳೆಂದು ನಕ್ಕರು. ದರ್ಜಿಯೂ ನಕ್ಕ. ಬೆಳಿಗ್ಗೆ ಅವಳು ಪೆಟ್ಟಿಗೆ ಎತ್ತಿಕೊಂಡು ಹೊಸ್ತಿಲು ದಾಟುವಾಗ ಅವನು ತಡೆಯಲು ಹೋಗಿರಲಿಲ್ಲ. ನಿಂತಲ್ಲೇ ನಿಂತು, ಆ ಮೇಜನ್ನು ಗೇಣು ಹಾಕಿ ಅಳೆಯುತ್ತಿದ್ದ.