ದುಂಡಪ್ಪ ಹೇಳಿದ ಸೊನ್ನೆ

ನಾನು ಅಂಗೈಯಗಲದ ಒಂದು ಯಂತ್ರ. ಗಾಯಗೊಂಡ ಸೈನಿಕರ ವಿವರ ಬರೆದಿಟ್ಟುಕೊಳ್ಳುವುದು ನನ್ನ ಕೆಲಸ. ಹುಟ್ಟಿದ ದಿನವೇ ನನ್ನನ್ನು ಮೂವತ್ತು ಸಲ ಸಿಮೆಂಟಿನ ನೆಲಕ್ಕೆ ಎತ್ತಿಹಾಕಿದರು. ಒಡೆಯಲಿಲ್ಲ, ಪಾಸಾದೆ.

ನನ್ನ ಮೊದಲ ಒಡೆಯ ಫಕೀರಪ್ಪ, ನವಲಗುಂದದ ಕಡೆಯವನು, ಹಿಮಬೆಟ್ಟದ ಠಾಣ್ಯವೊಂದರಲ್ಲಿ ವೈದ್ಯಕೀಯ ಸಹಾಯಕ. ಚಳಿಗೆ ನನ್ನ ಬ್ಯಾಟರಿ ಸಾಯುತ್ತಿದ್ದುದರಿಂದ ನನ್ನನ್ನು ಅಂಗಿಯೊಳಗೆ, ಮೈಗೆ ತಾಗಿಸಿ ಇಟ್ಟುಕೊಳ್ಳುತ್ತಿದ್ದ. ಅಲ್ಲಿ ನನಗೆ ಸದಾ ಅರೆನಿದ್ದೆ. ಅವನ ಉಸಿರು ಯಾವುದು, ಹೊರಗಿನ ಗಾಳಿ ಯಾವುದು ತಿಳಿಯುತ್ತಿರಲಿಲ್ಲ. ಹೊರತೆಗೆದಾಗ ಎಲ್ಲ ಬಿಳಿ. ಆ ಬಿಳುಪಿನಲ್ಲಿ ಒಂದು ಮುಖ ತೇಲಿಬರುತ್ತಿತ್ತು. ನಾನು ಕೇಳುತ್ತಿದ್ದೆ: ಹೆಸರು, ನಾಡಿ, ಗಾಯ, ಕೊಟ್ಟ ಔಷಧಿ. ಕೊನೆಗೆ, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?

ಇದಕ್ಕೆ ಎಲ್ಲರದೂ ಒಂದೇ ಉತ್ತರ, ಸೊನ್ನೆ. ಜೊತೆಗಾರರ ಎದುರು ಬೇರೆ ಅಂಕಿ ಹೇಳುವುದು ನಾಚಿಕೆ. ಫಕೀರಪ್ಪನಿಗೂ ರೂಢಿಯಾಗಿತ್ತು. ಅವರು ಬಾಯಿ ತೆರೆಯುವ ಮೊದಲೇ ಅವನ ಬೆರಳು ಸೊನ್ನೆಯ ಮೇಲಿರುತ್ತಿತ್ತು.

ಒಂದು ಬೆಳಿಗ್ಗೆ ಗೋಕಾಕದ ಸಿಪಾಯಿ ದುಂಡಪ್ಪನ ಬಲಗಾಲಿನ ಮೇಲೆ ಬಂಡೆ ಉರುಳಿತು. ಮೇಲ್ನೋಟಕ್ಕೆ ಗಾಯ ಸಣ್ಣದು. ಡೇರೆಯಲ್ಲಿ ಸುತ್ತ ನಿಂತವರಲ್ಲಿ ಒಬ್ಬ, ಇವನು ಸೂಜಿ ಕಂಡರೆ ಓಡುವ ಶೂರ ಎಂದು ಎಲ್ಲರನ್ನೂ ನಗಿಸಿದ.

"ಸೊನ್ನಿ ಬರಕೋರಿ, ಉಸ್ತಾದ," ಎಂದ ದುಂಡಪ್ಪ ಫಕೀರಪ್ಪನಿಗೆ.

ಬರೆದುಕೊಂಡೆ, ಕೆಳಗಿನ ಆಸ್ಪತ್ರೆಗೆ ಕಳಿಸಿದೆ. ಮಂಜು ಮುಚ್ಚುವ ಮೊದಲು ಹೆಲಿಕಾಪ್ಟರಿಗೆ ಒಂದೇ ಸುತ್ತು ಸಾಧ್ಯವಿತ್ತು. ಇನ್ನೊಂದು ಠಾಣ್ಯದಲ್ಲಿ ಕೈ ಮುರಿದುಕೊಂಡವನು ಎಂಟು ಎಂದಿದ್ದ. ಅವನು ಹೊಸಬ, ಈ ನಾಚಿಕೆ ಇನ್ನೂ ಕಲಿತಿರಲಿಲ್ಲ. ಹೆಲಿಕಾಪ್ಟರ್ ಅಲ್ಲಿಗೆ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ದುಂಡಪ್ಪನ ಮೀನಖಂಡ ಒಳಗೇ ಬಾತು ಕೊರಡಿನಂತೆ ಬಿಗಿದು, ರಕ್ತ ಇಳಿಯದೆ ಕಾಲ್ಬೆರಳುಗಳು ಬಿಳಿಚಿಕೊಂಡವು. ಫಕೀರಪ್ಪ ಉಳಿದವರನ್ನೆಲ್ಲ ಹೊರಗೆ ಕಳಿಸಿದ.

"ಈಗ ಯಾರೂ ಇಲ್ಲ. ಖರೇ ಹೇಳು."

"ಹತ್ತು," ಎಂದ ದುಂಡಪ್ಪ. "ಮುಂಜಾನೆನೂ ಹತ್ತ ಇತ್ರೀ."

ನನ್ನಲ್ಲಿ ಒಮ್ಮೆ ಬರೆದದ್ದು ಅಳಿಯುವುದಿಲ್ಲ. ಸೊನ್ನೆಯ ಕೆಳಗೆ ಹತ್ತು ಬಂದು ಕೂತಿತು, ನಡುವೆ ಐದು ಗಂಟೆ. ಹೊರಗೆ ಬೆಟ್ಟವೇ ಇಲ್ಲದಂತೆ ಮಂಜು.

ಹೆಲಿಕಾಪ್ಟರ್ ಬಂದದ್ದು ಮರುದಿನ. ಮೂರು ದಿನದ ಮೇಲೆ ಆಸ್ಪತ್ರೆಯಿಂದ ಒಂದು ಸಾಲು ಬಂತು: ಬಲಗಾಲನ್ನು ಮೊಣಕಾಲ ಕೆಳಗೆ ತೆಗೆಯಲಾಗಿದೆ. ಫಕೀರಪ್ಪ ಅದನ್ನು ಎರಡು ಸಲ ಓದಿದ. ಅಂದಿನಿಂದ ಯಾರು ಗಾಯಗೊಂಡರೂ ಮೊದಲು ಡೇರೆ ಖಾಲಿ ಮಾಡಿಸಿ, ಆಮೇಲೆ ಕೇಳುತ್ತಿದ್ದ. ನನ್ನಲ್ಲಿ ಆರು, ಏಳು, ಒಂಬತ್ತು ಬರತೊಡಗಿದವು.

ಅವನು ವರ್ಗವಾದ. ಇನ್ನಿಬ್ಬರ ಕೈ ದಾಟುವಷ್ಟರಲ್ಲಿ ನನ್ನ ಗಾಜು ಬಿರಿಯಿತು. ಈಗ ಬಯಲು ಸೀಮೆಯ ಸೇನಾ ಉಗ್ರಾಣದಲ್ಲಿದ್ದೇನೆ. ಬಿಸಿಲ ಕೋಲಿನಲ್ಲಿ ಧೂಳು ಇಳಿಯುತ್ತಿರುತ್ತದೆ, ನಾನು ತೂಕಡಿಸುತ್ತಿರುತ್ತೇನೆ. ನನಗೆ ‘ನಿರುಪಯೋಗಿ’ ಎಂಬ ಚೀಟಿ ಕಟ್ಟಿದವನು ದುಂಡಪ್ಪ. ಕಾಲು ಹೋದ ಮೇಲೆ ಅವನಿಗೆ ಇಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ. ನನ್ನ ಗುರುತು ಅವನಿಗಿಲ್ಲ. ನನ್ನಂಥವು ಪೆಟ್ಟಿಗೆ ತುಂಬ ಇವೆ.

ಇವತ್ತು ನಮ್ಮನ್ನು ಗುಜರಿಗೆ ಒಯ್ಯಲು ಲಾರಿ ಬಂತು. ಹಮಾಲರು ಐದಾರು ಜನ ನಿಂತಿದ್ದರು. ಒಬ್ಬ, ಪೆಟ್ಟಿಗೆಗೆ ಕೈ ಹಚ್ಚುತ್ತೀಯೋ, ಕಾಲು ನೋಯುತ್ತದೆಯೋ ಎಂದು ಕೇಳಿದ. ದುಂಡಪ್ಪ ಸ್ಟೂಲಿನಿಂದ ಏಳಲಿಲ್ಲ.

"ಇವತ್ತ ಆರು ಐತಿ," ಎಂದ, ಎಲ್ಲರಿಗೂ ಕೇಳುವಂತೆ. "ನೀವ ಎತ್ತರಿ."