ಮೆತ್ತನೆಯ ನೆಲ

ನಮ್ಮ ಸ್ಫಾಕ್ಸ್ ಊರಿನಲ್ಲಿ ಆ ಕಾಯಿಲೆಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಕೆಟ್ಟ ರೋಗ’ ಅಂದರೆ ಮುಗಿಯಿತು. ಪ್ರಯೋಗಾಲಯದಲ್ಲಿ ದಿನವಿಡೀ ಅದರ ಜೀವಕೋಶಗಳನ್ನೇ ಸಾಕುವವಳು ನಾನು. ಅಕ್ಕ ಜಲೀಲಾಳ ಎದೆಯಲ್ಲಿ ಗಂಟು ಕಂಡ ಮೇಲೆ ನನಗೂ ಬಾಯಿ ಕಟ್ಟಿತು.

ಗಂಟು ತೆಗೆದ ಡಾಕ್ಟರು ವರದಿಗೆ ಈದ್ ಕಳೆದು ಇನ್ನೂ ಕೆಲವು ದಿನ ಕಾಯಬೇಕೆಂದರು.

“ಒಂದು ಚೂರು ನೀನೇ ಇಟ್ಕೊಳ್ಳೇ ರೌಧಾ,” ಅಂದಳು ಅಕ್ಕ. “ಊರವರ ಗಂಟೆಲ್ಲ ನೋಡ್ತೀಯ, ನಂದೇನು ಪಾಪ ಮಾಡಿತ್ತು?”

ಆರೋಗ್ಯವಾಗಿರುವ ಕೋಶ ತಾನು ಕೂತ ನೆಲವನ್ನು ಜಗ್ಗಿ ನೋಡುತ್ತದೆ. ಗಟ್ಟಿಯಿದ್ದರೆ ಕಾಲೂರುತ್ತದೆ, ಮೊಸರಿನಂತೆ ಮೆತ್ತಗಿದ್ದರೆ ಮುದುಡಿ ಸಾಯುತ್ತದೆ. ಕೆಟ್ಟದ್ದಕ್ಕೆ ಈ ಗಟ್ಟಿ-ಮೆತ್ತಗೆ ತಿಳಿಯುವ ಬುದ್ಧಿಯೇ ಹೋಗಿರುತ್ತದೆ; ಎಲ್ಲಿ ಬಿಟ್ಟರೂ ಬೆಳೆಯುತ್ತದೆ, ದರಿದ್ರದ್ದು. ಅಕ್ಕನ ಕೋಶಗಳನ್ನು ಮೆತ್ತನೆಯ ಜೆಲ್ ಮೇಲೆ ಬಿಟ್ಟು, ‘ಸಾಯಲಿ ದೇವರೇ’ ಎಂದು ಬೇಡಿಕೊಂಡು ಹಬ್ಬಕ್ಕೆ ಹೋದೆ.

ಬಂದು ನೋಡಿದರೆ ಬದುಕಿದ್ದವು.

ಜೊತೆಗೆ ಕೆಲಸ ಮಾಡುವ ಮುನ್ಸಿಫ್ ಕೋಶಗಳನ್ನಿಡುವ ಕಾವುಪೆಟ್ಟಿಗೆಯ ತಳಕ್ಕೆ ಕೈ ಹಾಕಿದ. “ನೀರಿನ ತಟ್ಟೆ ಬತ್ತಿದೆ, ಮಾರಾಯ್ತಿ. ಹಬ್ಬದ ಗಡಿಬಿಡೀಲಿ ಯಾರೂ ತುಂಬಿಸಿಲ್ಲ. ಜೆಲ್ ಒಣರೊಟ್ಟಿ ಆಗಿದೆ. ಇದ್ರ ಮೇಲೆ ಯಾವ ಕೋಶ ಆದ್ರೂ ಬದುಕತ್ತೆ.”

ನಿಜ. ಹೋಲಿಕೆಗೆಂದು ಇಟ್ಟಿದ್ದ ಆರೋಗ್ಯದ ಕೋಶಗಳೂ ಬದುಕಿದ್ದವು. ನಮ್ಮ ಬೇಜವಾಬ್ದಾರಿ ಕಂಡು ಅಷ್ಟು ಖುಷಿಪಟ್ಟದ್ದು ಅದೇ ಮೊದಲು. ತಟ್ಟೆ ತುಳುಕುವಷ್ಟು ನೀರು ತುಂಬಿ, ಹೊಸ ಜೆಲ್ ಮಾಡಿ, ಅಕ್ಕನವೂ ಆರೋಗ್ಯದವೂ ಮಿಕ್ಕಿದ್ದ ಕೋಶಗಳನ್ನು ಅದರ ಮೇಲೆ ಬಿಟ್ಟೆ. ಆದರೂ ಭಯ ಹೋಗಲಿಲ್ಲ.

ಫಲ ನೋಡುವ ದಿನ ಅಕ್ಕ ಮೊಟ್ಟೆ ತುಂಬಿದ ಬ್ರಿಕ್ ಕಡುಬು ಕರಿದುಕೊಂಡು ಪ್ರಯೋಗಾಲಯಕ್ಕೇ ಬಂದುಬಿಟ್ಟಳು. ಮುನ್ಸಿಫ್ ಮೊದಲು ಆರೋಗ್ಯದ ಕೋಶಗಳನ್ನು ನೋಡಿದ, ಆಮೇಲೆ ಅಕ್ಕನವನ್ನು. ಕೈಗವಸು ಕಳಚಿ ಹೊರಗೆ ಹೋದ. ನಾನು ಬಗ್ಗಿ ನೋಡಿದೆ.

“ಆಚೆ ಸರಿಯೇ, ನಾನೂ ನೋಡ್ತೀನಿ,” ಎಂದು ಅಕ್ಕ ನನ್ನನ್ನು ತಳ್ಳಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕೋಶದ ತಟ್ಟೆ ಬದಲಿಸಿ ಆರೋಗ್ಯದವನ್ನೂ ತೋರಿಸಿದೆ.

“ಅಯ್ಯೋ, ಇದ್ರಲ್ಲಿ ಪಾಪ ಎಲ್ಲ ಮುದುಡ್ಕೊಂಡು ಸತ್ತಿದಾವೆ. ಆ ಮೊದಲಿನದ್ರಲ್ಲಿ ಎಷ್ಟು ಚೆನ್ನಾಗಿ ಕಾಲು ಚಾಚ್ಕೊಂಡಿದ್ವು.” ನನ್ನ ತೋಳು ಹಿಡಿದುಕೊಂಡಳು. “ನಂದು ಮೊದಲಿನದೇ ಅಲ್ವೇನೇ?”

“ಹೌದಕ್ಕ,” ಎಂದೆ.

“ಅಲ್‌ಹಮ್ದುಲಿಲ್ಲಾ,” ಎಂದು ಉಸಿರು ಬಿಟ್ಟು, ಅಕ್ಕ ಬ್ರಿಕ್‌ನ ಪೊಟ್ಟಣ ಬಿಚ್ಚಿದಳು.