ಉತ್ತಯ್ಯನ ಅಳತೆ

ನಾನು ಒಂದು ಕೋವಿ. ಹೆದರಬೇಡಿ, ಒಂದು ಕಾಗೆಯ ಜೀವ ತೆಗೆದ ಪಾಪವೂ ನನ್ನ ತಲೆಯ ಮೇಲಿಲ್ಲ. ಸಣ್ಣ ಗುಂಡಿನ ರೈಫಲ್ ನಾನು. ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿ ಒಡೆಯುವುದೇ ನನ್ನ ಕಸುಬಾಗಿತ್ತು.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಉಕ್ಕಿನ ಸರಳು ಕೊರೆದು ನಳಿಗೆ ಮಾಡಿದರು, ಅಕ್ರೋಟು ಮರ ಕೆತ್ತಿ ಹಿಡಿ ಮಾಡಿದರು, ನನ್ನ ಹೊಟ್ಟೆಯ ಮೇಲೆ ಒಂದು ನಂಬರು ಒತ್ತಿದರು. ಹಡಗು, ರೈಲು, ಅಂಗಡಿ ಎಲ್ಲ ದಾಟಿ ಕೊನೆಗೆ ಕೊಡಗಿನ ಒಂದು ಮನೆಗೆ ಬಂದೆ. ಸೈನ್ಯದಿಂದ ನಿವೃತ್ತರಾಗಿ ಬಂದಿದ್ದ ಬೆಳ್ಯಪ್ಪನವರು ನನ್ನನ್ನು ಕೊಂಡವರು. ಕುಳ್ಳ ಮನುಷ್ಯ, ತೋಳೂ ಗಿಡ್ಡ. ಹಿಡಿ ಉದ್ದವಾಯಿತೆಂದು ಮೊದಲ ವಾರದಲ್ಲೇ ಅದರ ಬುಡವನ್ನು ಗರಗಸದಿಂದ ಕೊಯ್ದು, ಉಜ್ಜಿ ನುಣುಪು ಮಾಡಿದರು. ನನಗೇನೂ ಬೇಸರವಾಗಲಿಲ್ಲ. ಅಂದಿನಿಂದ ನಾನು ಆ ಮನೆಯದಾದೆ.

ನಿಮಗೆ ಮನುಷ್ಯರ ಗುರುತು ಸಿಗುವುದು ಮುಖದಿಂದ, ನನಗೆ ಕೆನ್ನೆಯಿಂದ. ಗುರಿ ಹಿಡಿಯುವವರು ಹಿಡಿಯ ಮೇಲೆ ಕೆನ್ನೆ ಒತ್ತುತ್ತಾರಲ್ಲ, ಆಗ ಅವರ ಉಸಿರು, ಬೆವರು, ಜಂಬ, ಅಳುಕು ಎಲ್ಲವೂ ತಿಳಿದುಬಿಡುತ್ತದೆ. ಬೆಳ್ಯಪ್ಪನವರದು ನಸ್ಯದ ವಾಸನೆಯ ಬಲಗೆನ್ನೆ. ಅವರ ಮಗ ಉತ್ತಯ್ಯನದೂ ಬಲಗೆನ್ನೆಯೇ, ಆದರೆ ಒಂದು ಕ್ಷಣ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಉತ್ತಯ್ಯನ ಮಗಳು ಚೋಂದಮ್ಮ ಮೊದಲ ಸಲ ನನ್ನನ್ನು ಎತ್ತಿಕೊಂಡಾಗ ಮಾತ್ರ ಎಡಗೆನ್ನೆ ಬಂತು.

“ಬಲಗಡೆ ಇಟ್ಕೋ ಮಗಳೇ,” ಎಂದ ಉತ್ತಯ್ಯ.

“ನೀನು ಸುಮ್ನಿರು,” ಎಂದರು ಬೆಳ್ಯಪ್ಪನವರು. “ಅವಳ ಗುರಿಯ ಕಣ್ಣು ಎಡದ್ದು. ಅವಳಿಗೆ ಬಂದ ಹಾಗೆ ಹೊಡೀಲಿ.”

ಅಜ್ಜ ತೀರಿಕೊಂಡರೂ ಆ ಎಡಗೆನ್ನೆ ನನ್ನನ್ನು ಬಿಡಲಿಲ್ಲ. ಅದರಲ್ಲಿ ಅವಸರವೇ ಇರಲಿಲ್ಲ. ಅವಳು ಉಸಿರು ಬಿಗಿಹಿಡಿದರೆ ನಾನೂ ಬಿಗಿಹಿಡಿಯುತ್ತಿದ್ದೆ. ಕೈಲ್‌ಪೊಳ್ದ್ ಹಬ್ಬದಲ್ಲಿ, ಅಂದರೆ ನಾಟಿ ಮುಗಿಸಿ ಕೋವಿ ಕತ್ತಿಗಳಿಗೆ ಪೂಜೆ ಮಾಡುವ ದಿನ, ಗಂಡಸರೆಲ್ಲ ಗುಂಡು ದಂಡ ಮಾಡಿ ಮುಗಿಸಿದ ಮೇಲೆ ಚೋಂದಮ್ಮ ಬಂದು ಒಂದೇ ಈಡಿಗೆ ಕಾಯಿ ಒಡೆಯುತ್ತಿದ್ದಳು. ಆಗ ನನಗಿಂತ ಹೆಚ್ಚು ಬೀಗುತ್ತಿದ್ದವನು ಉತ್ತಯ್ಯ.

ಮೈಸೂರಿನಲ್ಲಿ ಕಾಲೇಜು ಓದುವಾಗ ಅವಳು ರಾಜ್ಯ ಮಟ್ಟದ ಪಂದ್ಯಕ್ಕೆ ಆಯ್ಕೆಯಾದಳು. ಉತ್ತಯ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಯೌವನದಲ್ಲಿ ಅಂಥ ಪಂದ್ಯಕ್ಕೆ ಹೋಗಬೇಕೆಂದು ಅವನೂ ಹಂಬಲಿಸಿದ್ದ, ಆಗಿರಲಿಲ್ಲ. ಮಗಳಿಗೆ ತಿಳಿಸದೆ ಒಂದು ಭಾರಿ ರೈಫಲ್ ಕಟ್ಟಿಸಿ ಅವಳ ಕೈಗಿಡಬೇಕೆಂದು ಹೊರಟ.

ವಿರಾಜಪೇಟೆಯಲ್ಲಿ ಕೋವಿ ರಿಪೇರಿ ಮಾಡುವ ಮೊಯ್ದು ಕಾಕನ ಅಂಗಡಿಯ ಮೇಜಿನ ಮೇಲೆ ಮೂರು ರೈಫಲ್ ಮಲಗಿಸಿದರು. ಒಂದು ಹೊಚ್ಚ ಹೊಸದು, ಒಂದು ಯಾವುದೋ ಕಾಫಿ ತೋಟದವರು ಮಾರಲು ಇಟ್ಟಿದ್ದ ಜರ್ಮನಿಯದು, ಇನ್ನೊಂದು ನಾನು. ಯಾವುದನ್ನು ಮೂಲವಾಗಿಟ್ಟುಕೊಂಡು ಹೊಸ ಭಾಗಗಳನ್ನು ಕೂಡಿಸುವುದು ಎಂಬುದೇ ಪ್ರಶ್ನೆ.

“ಜರ್ಮನಿದು ಚಂದ ಉಂಟು,” ಎಂದರು ಕಾಕ.

“ಬೇಡ ಕಾಕ, ನಮ್ಮನೇದೇ ಇರ್ಲಿ. ಅವಳ ಕೈಗೆ ಪಳಗಿದ ಕೋವಿ. ಬೇರೆ ಯಾವ್ದು ಕೊಟ್ರೂ ಅವಳಿಗೆ ಸೇರಲ್ಲ.”

ನಾನು ಉಬ್ಬಿಹೋದೆ. ಉತ್ತಯ್ಯ ಅಲ್ಲಿಗೇ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು!

ನಿಲ್ಲಿಸಲಿಲ್ಲ. ಬಿಸಿಯಾದರೂ ಗುಂಡಿನ ದಾರಿ ತಪ್ಪಿಸದ ದಪ್ಪ ನಳಿಗೆ ಬೇಕೆಂದ. ದೂರದ ಚುಕ್ಕೆಯನ್ನು ಕಣ್ಣ ಮುಂದೆ ತರುವ ದುರ್ಬೀನು ಬೇಕೆಂದ. ಮುಟ್ಟಿದರೆ ಸಾಕು ಎನ್ನುವಂಥ ಟ್ರಿಗರ್, ನಳಿಗೆಯನ್ನು ನೆಲಕ್ಕೆ ಊರಲು ಮಡಚುವ ಮುಂಗಾಲು, ಅದೂ ಇರಲಿ, ಇದೂ ಇರಲಿ. ಕೊನೆಗೆ ಹಿಡಿಯ ಮಾತು ಬಂತು. ಹೆಬ್ಬೆರಳು ತೂರಿಸಲು ತೂತು, ಕೆನ್ನೆಗೆ ಆನಿಕೆಯಾಗಿ ಒಂದು ಬದಿಗೆ ಮಾತ್ರ ಉಬ್ಬು ಇರುವ ಹೊಸ ನಮೂನೆಯದು.

“ಉಬ್ಬು ಎಡಕ್ಕೆ ಆಗ್ಬೇಕಾ ಬಲಕ್ಕಾ?” ಎಂದರು ಕಾಕ.

“ಬಲಗೈಯವರ ಹಾಗೇ ಮಾಡಿ. ಗುಂಡು ತುಂಬೋ ಬೋಲ್ಟು ಬಲಗಡೆ ಇಟ್ಕೊಂಡು ಎಡಗೈ ಚಾಳಿ ಎಷ್ಟು ದಿನ? ದೊಡ್ಡ ಪಂದ್ಯಕ್ಕೆ ಹೋಗೋಳು, ತಿದ್ಕೊಳ್ಳಲಿ.”

“ಅಳತೆ?”

“ನಂದೇ ತಗೊಳ್ಳಿ. ನನ್ನ ಮಗಳಲ್ವಾ!”

ಹಿಡಿಯ ಬುಡವನ್ನು ಮೊಣಕೈಯ ಮಡಿಕೆಗೆ ಆನಿಸಿ, ತೋರುಬೆರಳು ಟ್ರಿಗರಿಗೆ ಸಲೀಸಾಗಿ ಬರುತ್ತದೆಯೇ ನೋಡುವುದು ಕೋವಿಯವರ ಅಳತೆ. ಉತ್ತಯ್ಯನ ಉದ್ದ ತೋಳಿಗೆ ಹೊಸ ಹಿಡಿ ಹೇಳಿ ಮಾಡಿಸಿದಂತೆ ಕೂತಿತು. ಹಳೆಯ ನಳಿಗೆಯನ್ನು ಕಾಕ ಇಟ್ಟುಕೊಂಡರು. ಹಳೆಯ ಹಿಡಿಯನ್ನು ಗೋಣಿಯಲ್ಲಿ ಸುತ್ತಿ ವಾಪಸು ಕೊಟ್ಟರು. ಅದನ್ನು ಉತ್ತಯ್ಯನ ಹೆಂಡತಿ ಬೊಳ್ಳಮ್ಮ ಕೋಳಿಗೂಡಿನ ಬಾಗಿಲಿಗೆ ಅಡ್ಡ ಕೊಡಲು ಒಯ್ದಳು. ಸರ್ಕಾರದ ಕಣ್ಣಿಗೆ ನಾನು ನಾನೇ, ನಂಬರು ಅದೇ. ನನಗೆ ಮಾತ್ರ ನನ್ನ ಗುರುತು ಸಿಗಲಿಲ್ಲ.

ರಜೆಗೆ ಬಂದ ಚೋಂದಮ್ಮ ನನ್ನನ್ನು ರೂಢಿಯಂತೆ ಎಡ ಹೆಗಲಿಗೆ ತಂದಳು. ಹೆಬ್ಬೆರಳಿಗೆ ತೂತು ಸಿಗಲಿಲ್ಲ, ಕೆನ್ನೆಗೆ ಆನಿಕೆ ಸಿಗಲಿಲ್ಲ. ಅವಳು ಅಪ್ಪನ ಮುಖ ನೋಡಿದಳು. ಮೆಲ್ಲಗೆ ಬಲ ಹೆಗಲಿಗೆ ಬದಲಿಸಿದಳು.

“ಹೇಗಿದೆ?”

“ತುಂಬಾ ಚೆನ್ನಾಗಿದೆ ಅಪ್ಪ.”

ಪರಕೀಯವಾದ ಆ ಬಲಗೆನ್ನೆ ಸುಳ್ಳು ಹೇಳುತ್ತಿದೆಯೆಂದು ನನಗೆ ಗೊತ್ತಾಯಿತು. ಕೋವಿಗೆ ಬಾಯಿ ಇದ್ದರೂ ಇಂಥದ್ದು ಹೇಳಲು ಬರುವುದಿಲ್ಲ.

ಅವಳು ಪಾಪ, ಕೈ ನೋಯುವವರೆಗೂ ಅಭ್ಯಾಸ ಮಾಡಿದಳು. ಅಜ್ಜನಂತೆಯೇ ಗಿಡ್ಡವಾದ ತೋಳು ಎಟುಕದೆ ಕತ್ತು ಚಾಚುತ್ತಿದ್ದಳು, ಭಾರಕ್ಕೆ ಭುಜ ನಡುಗುತ್ತಿತ್ತು, ಕಣ್ಣು ನೇರಕ್ಕೆ ಬಾರದೆ ದುರ್ಬೀನಿನಲ್ಲಿ ಅರ್ಧ ಕತ್ತಲು ಕಾಣುತ್ತಿತ್ತು. ಪಂದ್ಯದಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದಳು. ಮರುವರ್ಷವೂ ಅದೇ ಕತೆಯಾಯಿತು. ಆಮೇಲೆ, “ನಂಗೆ ಇದ್ರಲ್ಲಿ ಆಸಕ್ತಿ ಇಲ್ಲ ಅಪ್ಪ,” ಎಂದು ನನ್ನನ್ನು ಚೀಲದಲ್ಲಿಟ್ಟು ಜಿಪ್ಪು ಎಳೆದಳು.

ಉತ್ತಯ್ಯನಿಗೆ ಅದನ್ನು ನುಂಗಿಕೊಳ್ಳಲಾಗಲಿಲ್ಲ. “ನನ್ನ ಮಗಳಿಗೆ ಎಲ್ಲಾ ಇತ್ತು, ಹಠ ಒಂದಿಲ್ಲ,” ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಕಾಫಿ ಲೋಟ ಕೊಡಲು ಬಂದ ಚೋಂದಮ್ಮನ ಮುಂದೆಯೂ ಹೇಳುತ್ತಿದ್ದ. ಅವಳು ಗೋಣಿಕೊಪ್ಪದಲ್ಲಿ ಬ್ಯಾಂಕಿನ ಕೆಲಸ ಹಿಡಿದಳು, ಹತ್ತಿರದಲ್ಲೇ ಮದುವೆಯಾದಳು. ಹಬ್ಬಕ್ಕೆ ಬಂದರೂ ಕೋವಿಯ ಸುದ್ದಿ ಎತ್ತುತ್ತಿರಲಿಲ್ಲ. ಆ ಮಾತನ್ನು ಅವಳು ಎಷ್ಟು ವರ್ಷ ಸಹಿಸಿದಳೆಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಒಂದು ಕೈಲ್‌ಪೊಳ್ದ್ ದಿನ ಉತ್ತಯ್ಯ ನನ್ನನ್ನು ಹೆಗಲಿಗೆ ಹಾಕಿಕೊಂಡು ಮೈದಾನಕ್ಕೆ ಹೋದ. ಒಡೆಯಲು ಅಲ್ಲ, ತೋರಿಸಲು. ಪಕ್ಕದ ಮನೆಯ ಪೂಣಚ್ಚ ತನ್ನ ಸವೆದುಹೋದ, ಸಾದಾ ಹಿಡಿಯ ರೈಫಲನ್ನು ಚೋಂದಮ್ಮನ ಮುಂದೆ ಚಾಚಿದ.

“ಅಕ್ಕಾ, ತಮಾಷೆಗೆ ಒಂದು ಈಡು ಹೊಡೀರಿ.”

ಅವಳು ಬೇಡವೆಂದಳು. ಹೆಂಗಸರು ಒತ್ತಾಯ ಮಾಡಿದರು. ಕೊನೆಗೆ ತೆಗೆದುಕೊಂಡು, ಯೋಚಿಸದೆ ಎಡ ಹೆಗಲಿಗೆ ಇಟ್ಟು, ಎಡಗೆನ್ನೆ ಒತ್ತಿದಳು. ಕಾಯಿ ಸೀಳಿ ನೀರು ಸುರಿಯಿತು. ಎಲ್ಲರೂ ಕೇಕೆ ಹಾಕಿದರು. ನಾನು ನೇತಾಡುತ್ತಿದ್ದ ಹೆಗಲು ಮಾತ್ರ ಕುಸಿಯಿತು.

ಮನೆಯಲ್ಲಿ ಉತ್ತಯ್ಯ ಊಟಕ್ಕೆ ಕೂರಲಿಲ್ಲ.

“ಒಂದು ಮಾತು ಹೇಳ್ಬಾರ್ದಿತ್ತಾ ನಂಗೆ?”

“ನೀವು ಅಷ್ಟು ಆಸೆಯಿಂದ ಮಾಡ್ಸಿದ್ರಿ ಅಪ್ಪ. ಹೇಗೆ ಹೇಳ್ಲಿ?”

“ಹಠ ಇಲ್ಲ ಅಂತ ಊರಿಗೆಲ್ಲ ಹೇಳ್ದೆನಲ್ಲೇ...”

ಉತ್ತಯ್ಯ ಎದ್ದು ಕೋಳಿಗೂಡಿಗೆ ಹೋಗಿ ಹಳೆಯ ಹಿಡಿಯನ್ನು ಎಳೆದು ತಂದ. ಹಿಕ್ಕೆ ಕೆರೆದ, ಒದ್ದೆ ಬಟ್ಟೆಯಲ್ಲಿ ಒರೆಸಿದ, ನನ್ನ ಹೊಸ ಹಿಡಿ ಬಿಚ್ಚಿ ಅದನ್ನು ಕೂರಿಸಲು ನೋಡಿದ. ಕೂರಲಿಲ್ಲ. ದಪ್ಪ ನಳಿಗೆ ಕೂರಲು ಆ ಮರದಲ್ಲಿ ಕೊರೆದಿದ್ದ ಕಾಲುವೆ ಸಾಲದು. ಮೊಯ್ದು ಕಾಕ ತೀರಿಹೋಗಿ ವರ್ಷಗಳಾಗಿದ್ದವು, ಹಳೆಯ ನಳಿಗೆ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿರಲಿಲ್ಲ.

ಆಗ ಅವನು ಬರಿಯ ಮರವನ್ನು ಎತ್ತಿಕೊಂಡು ಮಗಳ ಹತ್ತಿರ ಬಂದ. “ಕೈ ಕೊಡು,” ಎಂದ. ಹಿಡಿಯ ಬುಡವನ್ನು ಅವಳ ಎಡ ಮೊಣಕೈಯ ಮಡಿಕೆಗೆ ಆನಿಸಿದ. ಬೆಳ್ಯಪ್ಪನವರು ತಮ್ಮ ಗಿಡ್ಡ ತೋಳಿಗೆ ಕೊಯ್ದ ಅದೇ ಅಳತೆ. ಅವಳ ತೋರುಬೆರಳು ಬರಬೇಕಾದ ಜಾಗಕ್ಕೆ ಕೂದಲೆಳೆ ತಪ್ಪದೆ ಬಂತು. ಅಲ್ಲಿ ಟ್ರಿಗರ್ ಇರಲಿಲ್ಲ. ಅದು ಆಚೆ ಮೇಜಿನ ಮೇಲೆ, ನನ್ನಲ್ಲಿತ್ತು. ಉತ್ತಯ್ಯ ಅವಳ ಬೆರಳು ಹಿಡಿದುಕೊಂಡು ಅತ್ತುಬಿಟ್ಟ.

ಈಗ ಗೋಡೆಯಲ್ಲಿ ನಮಗೆ ಎರಡು ಮೊಳೆಗಳಿವೆ, ನನಗೊಂದು, ಆ ಮರಕ್ಕೊಂದು. ಹಬ್ಬದ ದಿನ ಮುದುಕ ಉತ್ತಯ್ಯ ನನ್ನ ನಳಿಗೆಗೆ ಹೂ ಸಿಕ್ಕಿಸುತ್ತಾನೆ, ಆ ಮರಕ್ಕೂ ಒಂದು ಇಡುತ್ತಾನೆ. ಮೂರರಲ್ಲಿ ನನ್ನನ್ನೇ ಆರಿಸಿದನಲ್ಲ ಎಂಬ ಹೆಮ್ಮೆ ನನಗೆ ಇನ್ನೂ ಇದೆ. ಅವಳಿಗಾಗಿ ಆರಿಸಿದವನು ಅವಳನ್ನೊಂದು ಮಾತು ಕೇಳಿದ್ದರೆ ಸಾಕಿತ್ತು. ಹಬ್ಬಕ್ಕೆ ಬಂದ ಚೋಂದಮ್ಮ ಮರವನ್ನು ಕೆಳಗಿಳಿಸಿ, ಸುಮ್ಮನೆ ಎಡಗೆನ್ನೆಗೆ ಒತ್ತಿ ನೋಡಿ, ಮತ್ತೆ ತೂಗುಹಾಕುತ್ತಾಳೆ. ನಾನು ಪಕ್ಕದಲ್ಲೇ ಇರುತ್ತೇನೆ. ಆ ಕೆನ್ನೆ ಈಗ ಹೇಗಿದೆಯೋ, ನನಗೆ ತಿಳಿಯದು.